ಡಿ ಡ್ರೈವ್ ಹೋದ್ಮೇಲೆ: ನನ್ನ ಫ್ಲೈಟ್ ಸಿಮ್ಯುಲೇಟರ್ ಮತ್ತೆ ಕಟ್ಕೊಂಡ 23 ದಿನ

ಮೊನ್ನೆ ಭಾನುವಾರಕ್ಕೆ ಎಲ್ಲ ಒಂದು ಹಂತಕ್ಕೆ ಬಂತು, ಮರೆಯೋಕೆ ಮುಂಚೆ ಬರೆದಿಡೋಣ ಅಂತ ಕೂತೆ. ಮನೇಲಿ ಫ್ಲೈಟ್ ಸಿಮ್ಯುಲೇಟರ್, ಅಂದ್ರೆ ಕಂಪ್ಯೂಟರಲ್ಲಿ ವಿಮಾನ ಹಾರಿಸೋ ಸಾಫ್ಟ್‌ವೇರ್ ಇಟ್ಕೊಂಡಿರೋರು ನಮ್ಮ ಕಡೆ ಕಮ್ಮಿ, ಆದ್ರೆ ಇದಾರೆ, ಅವರಲ್ಲಿ ಯಾರಿಗಾದ್ರೂ ನನ್ನ ಥರ ಡಿಸ್ಕಲ್ಲಿರೋದೆಲ್ಲ ಅಳಿಸಿ ಹೋದ್ರೆ ಇದು ಉಪಯೋಗಕ್ಕೆ ಬರ್ಬೋದು. ನಾನು ಹುಡುಕುವಾಗ ಅಲ್ಲೊಂದು ಇಲ್ಲೊಂದು ತುಂಡು ಮಾಹಿತಿ ಸಿಕ್ತಿತ್ತು, ಯಾವ್ದು ಮೊದ್ಲು ಮಾಡ್ಬೇಕು ಯಾವ್ದನ್ನ ಮುಟ್ಲೇ ಬಾರದು ಅಂತ ಒಟ್ಟಿಗೆ ಎಲ್ಲೂ ಇರ್ಲಿಲ್ಲ, ಅದಕ್ಕೆ ಮೊದಲನೇ ರಾತ್ರಿನೇ ಮಾಡಬಾರದ ಕೆಲಸ ಮಾಡ್ಬಿಟ್ಟೆ.

ನಮ್ಮನೆ ತುಮಕೂರಲ್ಲಿ ಬಟವಾಡಿ ಹತ್ರ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರೀಲಿ ಅಕೌಂಟ್ಸ್ ನೋಡ್ಕೊತೀನಿ. 2018ರಲ್ಲಿ ಎಕ್ಸ್-ಪ್ಲೇನ್ 11 ಅನ್ನೋ ಸಿಮ್ಯುಲೇಟರ್ ತಗೊಂಡೆ, ಆಮೇಲೆ 12ಕ್ಕೆ ಬಂದೆ. ಒಂದು ಹಳೇ ಜಾಯ್‌ಸ್ಟಿಕ್ಕು, ನಮ್ಮ ಬೀದಿ ಬಡಗಿ ಮಾಡ್ಕೊಟ್ಟ ಪ್ಲೈವುಡ್ ಡಬ್ಬ, ಅದರೊಳಗೆ ಆರ್ಡುಯಿನೊ ಪ್ರೊ ಮೈಕ್ರೊ ಅನ್ನೋ, ನಾವೇ ಪ್ರೋಗ್ರಾಮ್ ಹಾಕೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು, ನಾಲ್ಕು ಸ್ಲೈಡರ್ರು, ಅದೇ ನನ್ನ ಥ್ರಾಟಲ್ಲು, ಅಂದ್ರೆ ಎಂಜಿನ್ ಶಕ್ತಿ ಏರಿಸಿ ಇಳಿಸೋ ಹಿಡಿ. ಆರೇಳು ವರ್ಷ ದಿನಾ ರಾತ್ರಿ ಊಟ ಆದ್ಮೇಲೆ ಒಂದೊಂದು ಗಂಟೆ ಕೂತು ಸ್ವಲ್ಪ ಸ್ವಲ್ಪನೇ ಸೇರಿಸ್ಕೊಂಡು ಬಂದಿದ್ದೆ.

ಇದರಲ್ಲೆಲ್ಲಾ ನನಗೆ ಮುಖ್ಯವಾಗಿದ್ದು ಒಂದು ಸೀನರಿ, ಅಂದ್ರೆ ಹಾರುವಾಗ ಕೆಳಗೆ ಕಾಣೋ ಊರು, ನೆಲ. ನಮ್ಮಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿ ರಿಟೈರ್ ಆದೋರು, ತುಮಕೂರು ಕೊರಟಗೆರೆ ಮಧುಗಿರಿ ಪಾವಗಡ ರೂಟಲ್ಲಿ ಎಷ್ಟೋ ವರ್ಷ ಓಡ್ಸಿದಾರೆ, ವಿಮಾನ ಇದುವರೆಗೂ ಹತ್ತಿಲ್ಲ. ಲಾಕ್‌ಡೌನ್ ಟೈಮಲ್ಲಿ ಒಂದಿನ ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸೆಸ್ನಾ ಅನ್ನೋ ಪುಟ್ಟ ವಿಮಾನದಲ್ಲಿ ತುಮಕೂರು ಮೇಲೆ ಹಾರಿಸ್ದೆ. ಐದು ನಿಮಿಷ ನೋಡಿದ್ರು, ಆಮೇಲೆ ಕೇಳಿದ್ರು, "ನಮ್ಮ ಬಸ್ ಸ್ಟ್ಯಾಂಡ್ ಎಲ್ಲೋ? ಇದ್ಯಾವ ತುಮಕೂರೋ, ಬರೀ ಮನೆ ಇದಾವೆ." ಅವರು ಹೇಳಿದ್ದು ಸರಿ. ಸಿಮ್ಯುಲೇಟರು ರಸ್ತೆ, ಊರಿನ ದತ್ತಾಂಶ ನೋಡ್ಕೊಂಡು ತನ್ನ ಹತ್ರ ಇರೋ ಮನೆಗಳನ್ನೇ ಸಾಲಾಗಿ ಜೋಡಿಸುತ್ತೆ, ಅದಕ್ಕೆ ಅಮಾನಿಕೆರೆ ಏರಿ ಗೊತ್ತಿಲ್ಲ, ಸಿದ್ಧಗಂಗೆ ಬೆಟ್ಟದ ಮೆಟ್ಲು ಗೊತ್ತಿಲ್ಲ. ಅವತ್ತಿಂದ ವರ್ಲ್ಡ್ ಎಡಿಟರ್ ಅನ್ನೋ ಫ್ರೀ ಸಾಫ್ಟ್‌ವೇರ್ ಕಲ್ತು, ಎಲ್ರೂ ಅದನ್ನ ವೆಡ್ ಅಂತಾರೆ, ಅದರಲ್ಲಿ ನಮ್ಮೂರನ್ನ ಕಟ್ಟೋಕೆ ಶುರು ಮಾಡಿದ್ವಿ. ಅಪ್ಪ ಹೇಳ್ತಾ ಹೋದ್ರು, ನಾನು ಇಡ್ತಾ ಹೋದೆ. ಬಸ್ ಸ್ಟ್ಯಾಂಡನ್ನ ಈಗ ಇರೋ ಹಂಗಲ್ಲ, ಅವರು ಡ್ಯೂಟಿ ಮಾಡ್ತಿದ್ದಾಗ ಹೆಂಗಿತ್ತೋ ಹಂಗೆ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ಮಾಡಿದ್ದೆ, ಪಾವಗಡ ಬಸ್ಸು ಎಲ್ಲಿ ನಿಲ್ತಿತ್ತು, ಟೀ ಅಂಗಡಿ ಯಾವ ಮೂಲೇಲಿತ್ತು, ಎಲ್ಲ ಅವರ ನೆನಪಿಂದ. ಇದನ್ನ ಯಾವ ಸ್ಯಾಟಲೈಟ್ ಫೋಟೋ ನೋಡ್ಕೊಂಡೂ ಮತ್ತೆ ಮಾಡಕ್ಕಾಗಲ್ಲ.

ಅದಕ್ಕೆ ಬ್ಯಾಕಪ್ ಇರ್ಲಿಲ್ಲ. ಎಲ್ಲಾ ಡಿ ಡ್ರೈವಲ್ಲಿತ್ತು.

ಕಂಪ್ಯೂಟರ್ ತುಂಬ ನಿಧಾನ ಆಗಿತ್ತು, ಆನ್ ಆಗೋಕೇ ಹತ್ತು ನಿಮಿಷ. ಒಂದು ಶನಿವಾರ ಹತ್ರದ ಒಂದು ರಿಪೇರಿ ಅಂಗಡಿಗೆ ತಗೊಂಡೋಗಿ, ವಿಂಡೋಸ್ ಹೊಸದಾಗಿ ಹಾಕ್ಕೊಡಿ, ಸಿ ಮಾತ್ರ ಫಾರ್ಮ್ಯಾಟ್ ಮಾಡಿ, ಡಿ ಮುಟ್ಬೇಡಿ ಅಂತ ಎರಡು ಸಲ ಹೇಳಿ ಬಂದೆ. ಒಂದೇ 2 ಟಿಬಿ ಹಾರ್ಡ್ ಡಿಸ್ಕು, ಅದರಲ್ಲಿ ಎರಡು ಪಾರ್ಟಿಷನ್. ನಾನು ಹೇಳಿದಾಗ ಕೌಂಟರಲ್ಲಿ ಇದ್ದೋರು ಬೇರೆ, ಕೆಲಸ ಮಾಡಿದ ಹುಡುಗ ಬೇರೆ. ಸಂಜೆ 700 ರೂಪಾಯಿ ಕೊಟ್ಟು ತಂದೆ, ಮನೇಲಿ ಹಾಕಿ ನೋಡಿದ್ರೆ ಒಂದೇ ಡ್ರೈವು, 1.8 ಟಿಬಿ, ಹೆಚ್ಚುಕಮ್ಮಿ ಪೂರ್ತಿ ಖಾಲಿ.

ವಾಪಸ್ ಹೋಗಿ ಕೇಳಿದ್ರೆ ರಶೀದಿ ತೋರ್ಸಿ ಅಂದ್ರು. ರಶೀದೀಲಿ ಬರ್ದಿದ್ದು "ಓಎಸ್ ಇನ್‌ಸ್ಟಾಲ್" ಅಂತ ಅಷ್ಟೇ. ಆ ಹುಡುಗ ಹೆದರ್ಕೊಂಡು ನಿಂತಿದ್ದ, ಹತ್ತೊಂಬತ್ತು ಇಪ್ಪತ್ತು ವರ್ಷ ಇರ್ಬೋದು, ಅವನ ಮುಖ ನೋಡಿ ನಂಗೆ ಜಾಸ್ತಿ ಮಾತಾಡೋಕೆ ಆಗ್ಲಿಲ್ಲ. ನೀವು ಯಾರಾದ್ರೂ ಸಿಸ್ಟಮ್ ರಿಪೇರಿಗೆ ಕೊಡೋ ಹಾಗಿದ್ರೆ ದಯವಿಟ್ಟು "ಡಿ ಡ್ರೈವ್ ಡೇಟಾ ಉಳಿಸಬೇಕು" ಅಂತ ರಶೀದಿ ಮೇಲೆ ಬರೆಸಿ, ಒಂದು ಸ್ಟಿಕರ್ ಮೇಲೆ ಬರೆದು ಸಿಪಿಯು ಮೇಲೂ ಅಂಟಿಸಿ. ಅದಕ್ಕಿಂತ ಒಳ್ಳೇದು, ಡೇಟಾ ಬೇರೆ ಡಿಸ್ಕಲ್ಲಿದ್ರೆ ಅದನ್ನ ಬಿಚ್ಚಿ ಮನೇಲಿಟ್ಟು ಹೋಗೋದು, ಎರಡು ಕೇಬಲ್ಲು ನಾಲ್ಕು ಸ್ಕ್ರೂ ಅಷ್ಟೇ ಇರೋದು.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ. ಅವತ್ತು ರಾತ್ರಿ ಮನಸ್ಸಿಗೆ ಸಮಾಧಾನ ಇಲ್ಲ, ಏನಾದ್ರೂ ಮಾಡ್ತಾ ಇರ್ಬೇಕು ಅನ್ಸಿ ಅದೇ ಡಿಸ್ಕಿಗೆ ಎಕ್ಸ್-ಪ್ಲೇನ್ ಡೌನ್‌ಲೋಡ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ಭಾಮೈದನಿಗೆ ಫೋನ್ ಮಾಡ್ದೆ. ಅವನು ಶಿರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದಾನೆ, ಮದುವೆ ಫೋಟೋ ಕಾರ್ಡುಗಳು ಕೈಕೊಟ್ಟಾಗೆಲ್ಲ ತಾನೇ ರಿಕವರಿ ಮಾಡ್ಕೊತಾನೆ. ನಾನು ಡೌನ್‌ಲೋಡ್ ವಿಷಯ ಹೇಳಿದ ತಕ್ಷಣ, "ಭಾವ, ಮಾತಾಡೋದು ಆಮೇಲೆ, ಮೊದ್ಲು ಸ್ವಿಚ್ ಆಫ್ ಮಾಡಿ" ಅಂದ. ಅಷ್ಟೊತ್ತಿಗೆ 46 ಜಿಬಿ ಇಳಿದಾಗಿತ್ತು.

ಅವನು ವಿವರಿಸಿದ್ದು ಇಷ್ಟು. ಹಾರ್ಡ್ ಡಿಸ್ಕನ್ನ ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೆ ಫೈಲು ಅಳಿಸಿ ಹೋಗಲ್ಲ, ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಮಾತ್ರ ಹೋಗುತ್ತೆ, ಫೈಲಿನ ಮೈ ಅಲ್ಲೇ ಬಿದ್ದಿರುತ್ತೆ. ಅದರ ಮೇಲೆ ಹೊಸದೇನಾದ್ರೂ ಬರೆದ್ರೆ ಮಾತ್ರ ಶಾಶ್ವತವಾಗಿ ಹೋಗುತ್ತೆ. ನಾನು ಮಾಡಿದ್ದು ಅದನ್ನೇ. ಎಸ್‌ಎಸ್‌ಡಿ ಆಗಿದ್ರೆ ಇನ್ನೂ ಕಷ್ಟ ಇತ್ತು, ಅದರಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ, ಖಾಲಿ ಅಂತ ಗುರುತಾದ ಜಾಗನ ಅದೇ ತೊಳೆದು ಇಟ್ಬಿಡುತ್ತೆ. ನಂದು ಹಳೇ ತಿರುಗೋ ಡಿಸ್ಕ್ ಆಗಿದ್ದು ಈ ವಿಷಯದಲ್ಲಿ ಪುಣ್ಯ. ಹಾಗಾಗಿ ಫೈಲ್ ಹೋಗಿದೆ ಅಂತ ಗೊತ್ತಾದ ಕ್ಷಣ ಆ ಡಿಸ್ಕಿನ ಮೇಲೆ ಏನೂ ಮಾಡ್ಬೇಡಿ, ರಿಕವರಿ ಸಾಫ್ಟ್‌ವೇರ್ ಕೂಡ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡ್ಬೇಡಿ, ಆಫ್ ಮಾಡಿ ಬಿಚ್ಚಿಡಿ. ಡಿಸ್ಕಲ್ಲಿ ಟಕ್ ಟಕ್ ಅಂತ ಶಬ್ದ ಬರ್ತಿದ್ರೆ ಅದು ಬೇರೆ ಕಾಯಿಲೆ, ಮನೇಲಿ ಏನೂ ಪ್ರಯತ್ನ ಮಾಡ್ಬಾರ್ದು.

ಬೆಂಗಳೂರಲ್ಲಿ ಡೇಟಾ ರಿಕವರಿ ಮಾಡೋ ಒಂದು ಕಡೆ ವಿಚಾರಿಸ್ದೆ. ನೋಡೋಕೆ 1,000, ಆಮೇಲೆ 14,000, ಸಿಕ್ಕೇ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ ಅಂದ್ರು. ಮಗಳ ಸ್ಕೂಲ್ ಫೀಸ್ ಕಟ್ಟೋ ತಿಂಗಳು ಅದು. ಭಾಮೈದ, ಇದು ಬರೀ ಫಾರ್ಮ್ಯಾಟ್ ಕೇಸು, ನಾವೇ ನೋಡೋಣ ಭಾವ ಅಂದ.

ರಿಕವರಿಗೆ ಇನ್ನೊಂದು ಡಿಸ್ಕ್ ಬೇಕೇ ಬೇಕು, ಸಿಕ್ಕಿದ್ದನ್ನ ಅದರಲ್ಲಿ ಇಡ್ಬೇಕಲ್ಲ. ಬೆಂಗಳೂರಲ್ಲಿ ಕಂಪ್ಯೂಟರ್ ಸಾಮಾನು ಸಿಗೋ ಎಸ್‌ಪಿ ರೋಡಿಗೇ ಹೋಗೋಣ ಅಂತ ಇತ್ತು, ಆದ್ರೆ ಭಾನುವಾರ ಅಲ್ಲಿ ಜಾಸ್ತಿ ಅಂಗಡಿ ಬಾಗಿಲು ಹಾಕಿರುತ್ತೆ, ಅದಕ್ಕೆ ಬುಧವಾರ ಅರ್ಧ ದಿನ ರಜೆ ಹಾಕಿ ರೈಲಲ್ಲಿ ಹೋಗಿ ಬಂದೆ. 1 ಟಿಬಿ ಎಸ್‌ಎಸ್‌ಡಿ 5,400, ಎಕ್ಸ್‌ಟರ್ನಲ್ 2 ಟಿಬಿ 6,200, ಡಿಸ್ಕನ್ನ ಯುಎಸ್‌ಬಿಗೆ ಹಾಕೋ ಡಾಕ್ 1,150. ಬಿಲ್ ಕೇಳಿ ಇಸ್ಕೊಳಿ, ಬಿಲ್ ಇಲ್ದೆ ಕಮ್ಮಿಗೆ ಕೊಡ್ತೀನಿ ಅಂತಾರೆ, ವಾರಂಟಿಗೆ ಹೋಗೋವಾಗ ಗೋಳು.

ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ, ಹಳೇ ಡಿಸ್ಕನ್ನ ಡಾಕಲ್ಲಿ ಇಟ್ಟು ಮೊದ್ಲು ಟೆಸ್ಟ್‌ಡಿಸ್ಕ್ ಅನ್ನೋ ರಿಕವರಿ ಸಾಫ್ಟ್‌ವೇರ್ ಓಡ್ಸಿದ್ವಿ. ಇದೂ, ಫೋಟೋರೆಕ್ ಅನ್ನೋ ಇನ್ನೊಂದೂ ಜೊತೇಲೇ ಬರುತ್ತೆ, ಎರಡೂ ಫ್ರೀ, ಬರೀ ಕಪ್ಪು ಪರದೆ ಬಿಳಿ ಅಕ್ಷರ, ನೋಡಿ ಹೆದರ್ಕೋಬೇಡಿ. ಟೆಸ್ಟ್‌ಡಿಸ್ಕು ಹಳೇ ಪಾರ್ಟಿಷನ್ ಹುಡುಕಿಕೊಡುತ್ತೆ, ಅದೃಷ್ಟ ಇದ್ರೆ ಡಿ ಡ್ರೈವ್ ಹೆಸರು ಸಮೇತ ಎದ್ದು ಕೂರುತ್ತೆ. ನಮ್ಮ ಡಿ ಸಿಕ್ತು, ಆದ್ರೆ ಒಳಗಿನ ಫೈಲ್ ಪಟ್ಟಿ ತೆಗೀರಿ ಅಂದ್ರೆ ಫೈಲ್ ಸಿಸ್ಟಮ್ ಹಾಳಾಗಿರೋ ಹಾಗಿದೆ ಅಂತ ಬಂತು. ಆ ಪಟ್ಟಿ ಇದ್ದ ಜಾಗದ ಮೇಲೇ ನನ್ನ 46 ಜಿಬೀಲಿ ಒಂದಷ್ಟು ಹೋಗಿ ಕೂತಿರ್ಬೇಕು. ಆ ಸಾಲು ಓದಿದಾಗ ಹೊಟ್ಟೇಲಿ ಏನೋ ಕುಸಿದಂಗಾಯ್ತು. ಅಪ್ಪ ಒಳಗಿಂದ, "ಸಿಕ್ತೇನೋ?" ಅಂದ್ರು. ಇನ್ನೂ ನೋಡ್ತಿದೀವಿ ಅಪ್ಪ ಅಂದೆ.

ಉಳಿದಿದ್ದು ಫೋಟೋರೆಕ್. ಇದು ಪಟ್ಟಿ ನೋಡೋದೇ ಇಲ್ಲ, ಡಿಸ್ಕನ್ನ ಮೊದಲಿಂದ ಕೊನೇವರೆಗೂ ಓದ್ಕೊಂಡು ಹೋಗಿ ಇಲ್ಲೊಂದು ಫೈಲ್ ಶುರುವಾದ ಹಂಗಿದೆ ಅಂತ ಗುರುತು ಹಿಡಿದು ಎತ್ತಿ ಹಾಕುತ್ತೆ. ಹೆಸರು ಇರಲ್ಲ, ಫೋಲ್ಡರ್ ಇರಲ್ಲ, ಎಲ್ಲಾ ಎಫ್ ಅಕ್ಷರ ಮತ್ತು ಒಂದು ನಂಬರು. ಮೊದಲ ರಾತ್ರಿ ಎಲ್ಲಾ ಥರದ ಫೈಲನ್ನೂ ಹುಡುಕು ಅಂತ ಬಿಟ್ವಿ, ಬೆಳಿಗ್ಗೆ ನೋಡಿದ್ರೆ ಎಕ್ಸ್‌ಟರ್ನಲ್ ಡಿಸ್ಕ್ ತುಂಬಿ ನಿಂತಿತ್ತು, ಬರೀ ಚಿತ್ರಗಳು, ವಿಮಾನದ ಮೈ ಬಣ್ಣ, ರನ್‌ವೇ ಡಾಂಬರು, ಹುಲ್ಲು. ಎರಡನೇ ಸಲ ಫೈಲ್ ಆಪ್ಷನ್‌ಗೆ ಹೋಗಿ ಎಲ್ಲಾ ಟಿಕ್ ತೆಗ್ದು ಎಕ್ಸ್‌ಎಮ್‌ಎಲ್, ಟೆಕ್ಸ್ಟ್, ಬ್ಲೆಂಡ್ (ಬ್ಲೆಂಡರ್ ಉಳಿಸೋ ಫೈಲು) ಮೂರೇ ಇಟ್ವಿ. ನೀವು ಮಾಡೋದಾದ್ರೆ ನೇರವಾಗಿ ಹಿಂಗೇ ಮಾಡಿ, ಒಂದು ರಾತ್ರಿ ಉಳಿಯುತ್ತೆ. ಮಧ್ಯದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಗ್ಕೊಂಡು ಮನೆಯವರೆಲ್ಲ ಎದ್ರು, ಆದ್ರೆ ಫೋಟೋರೆಕ್ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸ್ಲಾ ಅಂತ ಕೇಳ್ತು, ಅದು ದೊಡ್ಡ ಉಪಕಾರ.

ಬೆಳಿಗ್ಗೆ ಒಂದೊಂದರಲ್ಲೂ ಐನೂರು ಫೈಲ್ ಇರೋ ನೂರಿಪ್ಪತ್ತಕ್ಕೂ ಮೇಲೆ ಫೋಲ್ಡರು. ಅಂದ್ರೆ ಅರವತ್ತು ಸಾವಿರ ಫೈಲು. ಅದರಲ್ಲಿ ನಮ್ಮೂರು ಯಾವ್ದು ಅಂತ ಹುಡುಕೋದು ಹೆಂಗೆ? ತೆಗೆದು ತೆಗೆದು ನೋಡಿದ್ರೆ ಜನ್ಮ ಸಾಲಲ್ಲ. ಇಲ್ಲಿ ಒಂದು ದಾರಿ ಹೊಳೀತು. ವೆಡ್ ತನ್ನ ಕೆಲಸನ ಎಕ್ಸ್‌ಎಮ್‌ಎಲ್ ಆಗಿ ಇಡುತ್ತೆ, ಅದು ಓದೋಕೆ ಆಗೋ ಅಕ್ಷರ, ನಾವು ಒಂದೊಂದು ಕಟ್ಟಡಕ್ಕೂ ಕೊಟ್ಟ ಹೆಸರು ಅದರೊಳಗೆ ಹಂಗೇ ಇರುತ್ತೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎಲ್ಲಾ ಫೋಲ್ಡರ್ ಒಳಗೆ ಒಂದೇ ಸಲ ಪದ ಹುಡುಕೋ ಸೌಲಭ್ಯ ಇದೆ. ನಾನು ಸಿದ್ಧಗಂಗೆಯಿಂದ ಟೌನ್ ಕಡೆ ಬರೋ ಗುಂಪಿಗೆ ಕ್ಯಾತ್ಸಂದ್ರ ಅಂತ ಹೆಸರಿಟ್ಟಿದ್ದೆ. ಆ ಪದ ಹಾಕಿ ಹುಡುಕು ಅಂದೆ. ಇಪ್ಪತ್ತು ನಿಮಿಷ ತಿರುಗ್ತು. ನಾಲ್ಕು ಫೈಲ್ ಬಂತು.

ಆ ನಾಲ್ಕು ಸಾಲು ನೋಡಿದಾಗ ಕಣ್ಣಲ್ಲಿ ನೀರು ಬಂತು, ಅದರಲ್ಲಿ ನಾಚಿಕೆ ಏನಿಲ್ಲ. ಎರಡು ಫೈಲು ಅರ್ಧಕ್ಕೇ ತುಂಡಾಗಿತ್ತು, ವೆಡ್ ಅದನ್ನ ತೆಗೆಯೋಕೆ ಒಪ್ಪಲ್ಲ. ಒಂದು ತೀರಾ ಶುರುವಿನದು, ಅದರಲ್ಲಿ ಕೆರೆ ಏರಿ ಬಿಟ್ರೆ ಏನೂ ಇಲ್ಲ. ನಾಲ್ಕನೇದು ಪೂರ್ತಿ ಇತ್ತು, ಸುಮಾರು ಐದು ತಿಂಗಳ ಹಿಂದಿನದು. ಕೊನೇ ಐದು ತಿಂಗಳ ಕೆಲಸ ಹೋಯ್ತು, ಅದಕ್ಕೆ ಹಿಂದಿನ ಮೂರು ವರ್ಷದ್ದು ಉಳೀತು. ಬ್ಲೆಂಡ್ ಫೈಲುಗಳಲ್ಲಿ ಬಸ್ ಸ್ಟ್ಯಾಂಡಿಂದು ಮೂರು ಸಿಕ್ತು, ತೆರೆದುಕೊಂಡಿದ್ದು ಒಂದು, ಅದರಲ್ಲಿ ಚಾವಣಿ ಕಂಬ ಎಲ್ಲ ಸರಿಯಾಗಿದೆ, ಟೀ ಅಂಗಡಿ ಇಲ್ಲ. ಲಾಗ್‌ಬುಕ್, ಅಂದ್ರೆ ಹಾರಾಟಗಳ ದಾಖಲೆ ಕೂಡ ಬರೀ ಟೆಕ್ಸ್ಟ್ ಫೈಲೇ, ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ಕೋಡ್ ವಿಓಜೆಕೆ ಹಾಕಿ ಹುಡುಕಿದೆ, ಸಿಕ್ತು.

ಇದಾದ ಮೇಲೆ ಉಳಿದ ದಿನಗಳಲ್ಲಿ ನಂಗೆ ಸ್ಪಷ್ಟವಾಗಿದ್ದು ಏನಂದ್ರೆ, ನೂರಾರು ಜಿಬಿ ಇರೋ ದೊಡ್ಡ ಸಾಮಾನೆಲ್ಲ ದುಡ್ಡು, ಟೈಮು ಕೊಟ್ರೆ ವಾಪಸ್ ಬರುತ್ತೆ. ವಿಮಾನ, ಪ್ರಪಂಚದ ಸೀನರಿ, ಎಲ್ಲ ಎಲ್ಲೋ ಒಂದು ಸರ್ವರಲ್ಲಿ ಇದೆ. ನಾನೇ ಕೈಯಲ್ಲಿ ಮಾಡಿದ್ದು ಮಾತ್ರ ಎಲ್ಲೂ ಇಲ್ಲ, ಮತ್ತು ಅದೆಲ್ಲ ಸೇರಿಸಿದ್ರೆ ಈಗ ಲೆಕ್ಕ ಹಾಕ್ದೆ, 380 ಎಂಬಿ. ಅಷ್ಟು ದಿನ ಬ್ಯಾಕಪ್ ಮಾಡ್ದೇ ಇದ್ದಿದ್ದಕ್ಕೆ ಕಾರಣನೇ, ಅಯ್ಯೋ ಆರುನೂರು ಜಿಬಿ ಎಲ್ಲಿಡೋದು ಅನ್ನೋ ಯೋಚನೆ. ಅಷ್ಟನ್ನೂ ಇಡ್ಬೇಕಾಗಿರ್ಲಿಲ್ಲ. ಎಕ್ಸ್-ಪ್ಲೇನ್ ಇರೋರು ಇದನ್ನ ಗುರುತು ಹಾಕ್ಕೊಳಿ: ಔಟ್‌ಪುಟ್ ಅನ್ನೋ ಫೋಲ್ಡರಲ್ಲಿ ಪ್ರಿಫರೆನ್ಸಸ್ ಇದೆ, ಅದರೊಳಗೇ ನಿಮ್ಮ ಜಾಯ್‌ಸ್ಟಿಕ್ ಪ್ರೊಫೈಲು, ಅದೇ ಔಟ್‌ಪುಟ್‌ನಲ್ಲಿ ಲಾಗ್‌ಬುಕ್ಕು, ಫ್ಲೈಟ್ ಪ್ಲಾನು. ಕಸ್ಟಮ್ ಸೀನರಿ ಫೋಲ್ಡರಲ್ಲಿ ಸೀನರಿ ಪ್ಯಾಕ್ಸ್ ಅನ್ನೋ ಒಂದು ಚಿಕ್ಕ ಐಎನ್‌ಐ ಫೈಲು, ಮತ್ತು ನೀವೇ ಮಾಡಿದ ಸೀನರಿ. ಫ್ಲೈ ವಿತ್ ಲುವಾ ಅನ್ನೋ ಪ್ಲಗಿನ್ ಬಳಸೋರಾದ್ರೆ ಅದರ ಸ್ಕ್ರಿಪ್ಟ್ಸ್, ಅಂದ್ರೆ ನೀವು ಸೇರಿಸಿದ ಚಿಕ್ಕ ಪ್ರೋಗ್ರಾಮುಗಳು. ಇಷ್ಟೇ. ಪೆನ್‌ಡ್ರೈವಲ್ಲಿ ಹಿಡಿಯುತ್ತೆ, ಗೂಗಲ್ ಡ್ರೈವಿನ ಫ್ರೀ 15 ಜಿಬೀಲೂ ಹಿಡಿಯುತ್ತೆ.

ಮುಂದೆ ಇನ್‌ಸ್ಟಾಲೇಷನ್. ಎಕ್ಸ್-ಪ್ಲೇನ್ ಇನ್‌ಸ್ಟಾಲರು ಒಂದು ಭೂಪಟ ತೋರ್ಸಿ ಯಾವ ಭಾಗದ ಸೀನರಿ ಬೇಕು ಅಂತ ಕೇಳುತ್ತೆ, ನಾನು ಭಾರತ, ಶ್ರೀಲಂಕಾ ಸುತ್ತಮುತ್ತ ಮಾತ್ರ ತಗೊಂಡೆ. ಮಧ್ಯದಲ್ಲಿ ನಿಂತ್ರೂ ಮತ್ತೆ ಓಡ್ಸಿದ್ರೆ ಉಳಿದದ್ದನ್ನ ಇಳಿಸ್ಕೊಳುತ್ತೆ. ಇದೆಲ್ಲ ಸಲೀಸು, ತೊಡಕಾಗಿದ್ದು ಅದು ಕೇಳೋ ಕೀ, ಅಂದ್ರೆ ದುಡ್ಡು ಕೊಟ್ಟು ತಗೊಂಡಾಗ ಕೊಡೋ ಲೈಸೆನ್ಸ್ ಸಂಖ್ಯೆ. ಕೀ ಇದ್ದಿದ್ದು ನನ್ನ ಹಳೇ ಈಮೇಲಲ್ಲಿ. ಆ ಈಮೇಲ್ ಪಾಸ್‌ವರ್ಡ್ ಬ್ರೌಸರಲ್ಲಿ ಸೇವ್ ಆಗಿತ್ತು, ಬ್ರೌಸರ್ ಹೋಯ್ತು. ಹೊಸದಾಗಿ ಒಳಗೆ ಹೋಗೋಣ ಅಂದ್ರೆ ಓಟಿಪಿ ಹೋಗೋದು ನಾನು ನಾಲ್ಕು ವರ್ಷದ ಹಿಂದೆ ಬಿಟ್ಟ ಸಿಮ್ ನಂಬರಿಗೆ. ಹಳೇ ಮೊಬೈಲ್ ಹುಡುಕಿ, ಅದರಲ್ಲಿ ಲಾಗಿನ್ ಆಗಿತ್ತಾ ಅಂತ ನೋಡೋಣ ಅಂದ್ರೆ, ಬ್ಯಾಟರಿ ಉಬ್ಬಿ ಅದು ಆನೇ ಆಗ್ಲಿಲ್ಲ. ಅಕೌಂಟ್ ರಿಕವರಿಗೆ ಅರ್ಜಿ ಹಾಕಿ ಮೂರು ದಿನ ಕಾದೆ. ಫ್ಯಾಕ್ಟರೀಲಿ ಕೂತು ಅರ್ಧ ಗಂಟೆಗೊಂದು ಸಲ ಮೊಬೈಲ್ ನೋಡೋದೇ ಆಯ್ತು. ಮೂರನೇ ದಿನ ಸಂಜೆ ಒಳಗೆ ಬಿಟ್ರು. ಅವತ್ತೇ ಎಲ್ಲಾ ಕೀಗಳು, ಆರ್ಡರ್ ನಂಬರುಗಳು, ತಗೊಂಡ ತಾರೀಕು ಸಮೇತ ಒಂದು ಹಾಳೇಲಿ ಕೈಯಲ್ಲಿ ಬರೆದು ಗ್ಯಾಸ್ ಪುಸ್ತಕ, ರೇಷನ್ ಕಾರ್ಡ್ ಇರೋ ಕವರಲ್ಲಿ ಇಟ್ಟೆ.

ವಿಮಾನಗಳಲ್ಲಿ ಝಿಬೋ 737 ಅನ್ನೋ ಬೋಯಿಂಗ್ ಮಾದರಿ ಫ್ರೀ, ಮೊದ್ಲು ಪೂರ್ತಿ ಫೈಲ್ ಹಾಕಿ ಅದರ ಮೇಲೆ ಪ್ಯಾಚ್ ಹಾಕ್ಬೇಕು, ಒಂದು ಸಂಜೆ ಕೆಲಸ. ದುಡ್ಡು ಕೊಟ್ಟು ತಗೊಂಡಿದ್ದ ಇನ್ನೊಂದು ವಿಮಾನಕ್ಕೆ ಆಕ್ಟಿವೇಷನ್ ಸಂಖ್ಯೆ ಮುಗಿದಿದೆ ಅಂತ ಬಂತು, ಯಾಕಂದ್ರೆ ಹಿಂದೆ ಎರಡು ಸಲ ಸಿಸ್ಟಮ್ ಬದಲಾಯಿಸಿದ್ದೆ. ಮಾರಿದೋರಿಗೆ ಬರೆದೆ, ಆರ್ಡರ್ ನಂಬರ್, ತಾರೀಕು ಕೇಳಿದ್ರು, ಕಳ್ಸಿದೆ, ನಾಲ್ಕು ದಿನಕ್ಕೆ ರೀಸೆಟ್ ಮಾಡ್ಕೊಟ್ರು. ಡಿಸ್ಕ್ ಬದಲಾಯಿಸೋ ಮುಂಚೆ ಹಳೇ ಆಕ್ಟಿವೇಷನ್ ತೆಗೆಯೋ ಬಟನ್ ಇದ್ರೆ ಒತ್ತಿ.

ಸ್ಯಾಟಲೈಟ್ ಚಿತ್ರದ ನೆಲ ಬೇಕು ಅಂದ್ರೆ ಆರ್ಥೋ4ಎಕ್ಸ್‌ಪಿ ಅನ್ನೋ ಸಾಫ್ಟ್‌ವೇರ್ ಇದೆ. ಇದು ಭೂಮಿನ ಒಂದು ಡಿಗ್ರಿ ಅಗಲ ಒಂದು ಡಿಗ್ರಿ ಉದ್ದದ ಚೌಕ ಮಾಡಿ ಒಂದೊಂದಾಗಿ ತಯಾರು ಮಾಡುತ್ತೆ, ಅದಕ್ಕೆ ಟೈಲ್ ಅಂತಾರೆ. ನಮ್ಮ ಕಡೆಯೋರಿಗೆ ಒಂದು ಅನುಕೂಲ ಇದೆ, +13+077 (13 ಅಕ್ಷಾಂಶ, 77 ರೇಖಾಂಶದಿಂದ ಶುರುವಾಗೋದು) ಅನ್ನೋ ಒಂದೇ ಟೈಲಲ್ಲಿ ತುಮಕೂರು, ದೇವರಾಯನದುರ್ಗ, ಶಿವಗಂಗೆ, ಕೊರಟಗೆರೆ, ಮಧುಗಿರಿ, ನಂದಿಬೆಟ್ಟ, ಚಿಕ್ಕಬಳ್ಳಾಪುರ, ಜಕ್ಕೂರು, ದೇವನಹಳ್ಳಿ ಏರ್‌ಪೋರ್ಟ್ ಎಲ್ಲಾ ಬಂದ್ಬಿಡುತ್ತೆ. ಬೆಂಗಳೂರು ಮೆಜೆಸ್ಟಿಕ್, ಎಚ್‌ಎಎಲ್ ಹಳೇ ಏರ್‌ಪೋರ್ಟ್ ಬೇಕಂದ್ರೆ ಕೆಳಗಿನ +12+077 ಕೂಡ ಮಾಡ್ಬೇಕು. ಕೋಲಾರದೋರು +13+078 ಮಾಡ್ಕೊಳಿ. ಗುಬ್ಬಿ ಕಡೆಗೆ +13+076, ಅಲ್ಲಿ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಉದ್ಘಾಟನೆ ಆದ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಇದೆ, ಅದನ್ನೂ ಒಂದಿನ ನನ್ನ ಸೀನರೀಲಿ ಕಟ್ಬೇಕು ಅಂತ ಆಸೆ. ಝೂಮ್ ಲೆವೆಲ್ ಅಂದ್ರೆ ಚಿತ್ರ ಎಷ್ಟು ಸ್ಪಷ್ಟ ಅನ್ನೋ ಅಳತೆ, ಅದು 17ರಲ್ಲಿ ಒಂದು ಟೈಲ್ ಆರೇಳು ಜಿಬಿ ಆಗುತ್ತೆ, 18ಕ್ಕೆ ಹೋದ್ರೆ ಅದರ ನಾಲ್ಕರಷ್ಟು. ಇಡೀ ಟೈಲನ್ನ 16ರಲ್ಲಿ ಮಾಡಿ ಊರು, ಏರ್‌ಪೋರ್ಟ್ ಸುತ್ತ ಮಾತ್ರ 17 ಹಾಕಿದ್ರೂ ಮೇಲಿಂದ ಚೆನ್ನಾಗೇ ಕಾಣುತ್ತೆ.

ಟೈಲ್ ಮಾಡೋಕೆ ನಂಗೆ ಎರಡು ದಿನ ಹಿಡೀತು. ಮ್ಯಾಪ್ ಡೇಟಾ ಕೊಡೋ ಸರ್ವರ್ ಸಂಜೆ ಹೊತ್ತು ಪದೇ ಪದೇ ನಿಂತೋಗ್ತಿತ್ತು, ಬೆಳಿಗ್ಗೆ ಐದಕ್ಕೆ ಎದ್ದು ಹಾಕಿದ್ರೆ ಒಂದೇ ಸಲಕ್ಕೆ ಬಂತು. ಆಮೇಲೆ ಹಾರಿಸಿ ನೋಡಿದ್ರೆ ತುಮಕೂರು ಬಂದಿದೆ, ಬಿ.ಎಚ್. ರಸ್ತೆ ಗೆರೆ ಥರ ಕಾಣ್ತಿದೆ, ಆದ್ರೆ ಒಂದೇ ಒಂದು ಮನೆ ಇಲ್ಲ, ಮರ ಇಲ್ಲ, ನೆಲಕ್ಕೆ ಫೋಟೋ ಅಂಟಿಸಿದ ಹಂಗೆ ಚಪ್ಪಟೆ. ಮನೆ, ಮರ, ರಸ್ತೆ ಬರ್ಬೇಕು ಅಂದ್ರೆ ಓವರ್‌ಲೇ ಅನ್ನೋದನ್ನ ಬೇರೆಯಾಗಿ ಮೂಲ ಗ್ಲೋಬಲ್ ಸೀನರಿಯಿಂದ ತೆಗೀಬೇಕು, ಅದರ ಫೋಲ್ಡರ್ ದಾರಿ ಸೆಟ್ಟಿಂಗಲ್ಲಿ ಕೊಟ್ಟಿರ್ಬೇಕು. ಹಿಂದೆ ಒಂದು ಸಲ ಮಾಡಿದ್ದೆ, ಮರೆತೋಗಿತ್ತು.

ಓವರ್‌ಲೇ ಹಾಕಿದ ಮೇಲೆ ಬಂದಿದ್ದು ನನ್ನ ತಲೆ ಅತೀ ಹೆಚ್ಚು ತಿಂದ ಸಮಸ್ಯೆ. ಬಸ್ ಸ್ಟ್ಯಾಂಡ್ ಒಳಗೆ ಮನೆಗಳು ಎದ್ದು ನಿಂತಿವೆ, ಕಂಬದ ಮಧ್ಯ ತೆಂಗಿನ ಮರ. ಫೈಲೇ ಹಾಳಾಗಿದೆ ಅಂದ್ಕೊಂಡು ಎರಡು ರಾತ್ರಿ ವೆಡ್‌ನಲ್ಲಿ ಕೂತು ಒಂದೊಂದೇ ಪರೀಕ್ಷೆ ಮಾಡ್ದೆ. ಕಾರಣ ಅದಲ್ಲ, ಆ ಚಿಕ್ಕ ಐಎನ್‌ಐ ಫೈಲು. ಅದರಲ್ಲಿ ಯಾವ ಸೀನರಿ ಮೇಲಿದೆಯೋ ಅದರ ಮಾತು ನಡೆಯೋದು. ಇಲ್ಲಿ ಮನೆ ಮರ ಹಾಕ್ಬೇಡ ಅಂತ ನಾನು ಬಸ್ ಸ್ಟ್ಯಾಂಡ್ ಸುತ್ತ ಹಾಕಿದ ಬೇಲಿ, ನನ್ನ ಸೀನರಿಗಿಂತ ಕೆಳಗಿರೋದಕ್ಕೆ ಮಾತ್ರ ಅನ್ವಯ. ಹೊಸದಾಗಿ ಸೇರಿಸಿದ ಫೋಲ್ಡರನ್ನ ಸಿಮ್ಯುಲೇಟರ್ ಪಟ್ಟಿಯ ತುದೀಲಿ ಹಾಕುತ್ತೆ, ನಾನು ಓವರ್‌ಲೇ ಆಮೇಲೆ ಮಾಡಿದ್ರಿಂದ ಅದು ಮೇಲೆ ಹೋಗಿ ಕೂತಿತ್ತು. ನೋಟ್‌ಪ್ಯಾಡಲ್ಲಿ ತೆಗೆದು ಆ ಒಂದು ಸಾಲನ್ನ ಕೆಳಗೆ ಹಾಕಿದೆ, ಮನೆಗಳೆಲ್ಲ ಹೋದ್ವು. ಮೇಲೆ ನಿಮ್ಮ ಏರ್‌ಪೋರ್ಟು, ನಿಮ್ಮ ಊರು, ಅದರ ಕೆಳಗೆ ಗ್ಲೋಬಲ್ ಏರ್‌ಪೋರ್ಟ್ಸ್, ಆಮೇಲೆ ಲೈಬ್ರರಿ (ಸೀನರಿಗಳು ಬಳಸೋ ಮನೆ, ವಸ್ತುಗಳ ಸಂಗ್ರಹ), ಓವರ್‌ಲೇ, ತೀರಾ ತಳದಲ್ಲಿ ಆರ್ಥೋ ನೆಲ, ಈ ಕ್ರಮ ನೆನಪಿರ್ಲಿ. ಇನ್ನು ಸೀನರೀಲಿ ಕೆಲವು ವಸ್ತು ಕಾಣದೇ ಇದ್ರೆ ಯಾವ್ದೋ ಲೈಬ್ರರಿ ಹಾಕಿಲ್ಲ ಅಂತ ಅರ್ಥ, ಲಾಗ್ ಅನ್ನೋ ಟೆಕ್ಸ್ಟ್ ಫೈಲಲ್ಲಿ ಏನು ಸಿಗ್ಲಿಲ್ಲ ಅಂತ ಬರ್ದಿರುತ್ತೆ. ನಂಗೆ ಓಪನ್ ಸೀನರಿ ಎಕ್ಸ್ ಅನ್ನೋ ಲೈಬ್ರರಿ ಬೇಕಾಗಿತ್ತು, ಫ್ರೀ ಸಿಗುತ್ತೆ.

ಥ್ರಾಟಲ್ ಡಬ್ಬದ ಪ್ರೋಗ್ರಾಮ್ ಕೂಡ ಡಿ ಡ್ರೈವಲ್ಲೇ ಇತ್ತು, ಸಿಗ್ಲಿಲ್ಲ. ಆದ್ರೆ ಡಬ್ಬ ಚುಚ್ಚಿದ ತಕ್ಷಣ ಕೆಲಸ ಮಾಡ್ತು, ಯಾಕಂದ್ರೆ ಪ್ರೋಗ್ರಾಮ್ ಬೋರ್ಡಿನ ಚಿಪ್ಪಲ್ಲಿ ಬರೆದಾಗಿದೆ. ನಾನು ಬರೆದ ರೂಪದಲ್ಲಿ ಅದನ್ನ ವಾಪಸ್ ತೆಗೆಯೋಕೆ ಆಗಲ್ಲ, ಯಂತ್ರದ ಭಾಷೇಲಿರೋ ಹೆಕ್ಸ್ ಫೈಲನ್ನ ಎವಿಆರ್‌ಡ್ಯೂಡ್ ಅನ್ನೋ ಸಾಫ್ಟ್‌ವೇರಲ್ಲಿ ಓದಿ ಇಟ್ಕೋಬೋದು, ಅದನ್ನ ಮಾಡಿಟ್ಟೆ. ಬೋರ್ಡ್ ಸುಟ್ಟೋದ್ರೆ ಅಂಥದ್ದೇ ಇನ್ನೊಂದಕ್ಕೆ ಹಾಕ್ಬೋದು. ಬಟನ್ ಸೇರಿಸ್ಬೇಕು ಅಂದ್ರೆ ಮಾತ್ರ ಮತ್ತೆ ಮೊದಲಿಂದ ಬರೀಬೇಕು.

ಜಾಯ್‌ಸ್ಟಿಕ್ ಪ್ರೊಫೈಲ್ ಸಿಗ್ಲೇ ಇಲ್ಲ. ಇದು ಚಿಕ್ಕದು ಅನ್ಸುತ್ತೆ, ಆದ್ರೆ ವಿಮಾನ ನಿಮ್ಮ ಕೈಗೆ ಹೆಂಗೆ ಬರುತ್ತೆ ಅನ್ನೋದೆಲ್ಲ ಅದರಲ್ಲೇ ಇರೋದು. ನನ್ನ ಜಾಯ್‌ಸ್ಟಿಕ್ ಹಳೇದು, ರಡ್ಡರಿಗೆ ತಿರುಗಿಸೋ ಜಾಗ ಸವೆದು ನಡುವೆ ಒಂಚೂರು ನಡುಗುತ್ತೆ, ಅದಕ್ಕೆ ಸರಿಯಾಗಿ ನಲ್ ಝೋನ್ (ನಡುವಿನ ಸಣ್ಣ ಅಲುಗಾಟನ ಲೆಕ್ಕಕ್ಕೆ ತಗೊಳ್ಳದ ಜಾಗ) ಎಷ್ಟು ಕೊಟ್ಟಿದ್ದೆ, ಕರ್ವ್ (ಕೈ ಅಲುಗಿದ್ದಕ್ಕೆ ವಿಮಾನ ಎಷ್ಟು ತಿರುಗ್ಬೇಕು ಅನ್ನೋದು) ಎಷ್ಟಿತ್ತು ಅಂತ ನೆನಪಿಲ್ಲ. ಮೊದಲ ನಾಲ್ಕೈದು ಲ್ಯಾಂಡಿಂಗ್ ರನ್‌ವೇ ಬಿಟ್ಟು ಹುಲ್ಲಿಗೆ ಹೋಯ್ತು. ಒಂದು ವಾರ ದಿನಾ ಸ್ವಲ್ಪ ಸ್ವಲ್ಪ ಬದಲಾಯಿಸ್ಕೊಂಡು ಈಗ ಪರವಾಗಿಲ್ಲ, ಹಳೇ ಹಿಡಿತ ಬಂದಿಲ್ಲ ಇನ್ನೂ. ಈ ಸಲ ಅಂಕೆಗಳನ್ನ ಮೊಬೈಲಲ್ಲಿ ಫೋಟೋ ತೆಗ್ದು ಇಟ್ಟಿದೀನಿ.

ಖರ್ಚು ಕೇಳೋರಿಗೆ: ಡಿಸ್ಕ್, ಡಾಕ್ ಎಲ್ಲ ಸೇರಿ 12,750, ಅಂಗಡಿಗೆ ಕೊಟ್ಟ 700, ಬೆಂಗಳೂರಿಗೆ ಹೋಗಿ ಬಂದಿದ್ದು ಊಟ ಆಟೋ ಸೇರಿ 400. ಯುಪಿಎಸ್ ಬ್ಯಾಟರಿ ಬದಲಾಯಿಸಿದ್ದು 1,300. ಸಾಫ್ಟ್‌ವೇರಿಗೆ ಒಂದು ರೂಪಾಯಿನೂ ಹೋಗ್ಲಿಲ್ಲ. ಈಗ ರಾತ್ರಿ ಕಂಪ್ಯೂಟರ್ ಆಫ್ ಮಾಡೋ ಮುಂಚೆ ಆ 380 ಎಂಬಿ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಆಗೋ ಹಾಗೆ ಒಂದು ಚಿಕ್ಕ ಬ್ಯಾಚ್ ಫೈಲ್ ಬರ್ಕೊಂಡಿದೀನಿ, ತಿಂಗಳಿಗೊಂದು ಸಲ ಪೆನ್‌ಡ್ರೈವಿಗೆ ಹಾಕಿ ಅಪ್ಪನ ಬೀರೂಲಿ ಇಡ್ತೀನಿ, ಇನ್ನೊಂದು ಪ್ರತಿ ಭಾಮೈದನ ಸ್ಟುಡಿಯೋದಲ್ಲಿ.

ಮೊನ್ನೆ ಭಾನುವಾರ ಸಂಜೆ ಅಪ್ಪನ್ನ ಕರೆದು ಕೂರಿಸ್ಕೊಂಡೆ. ಜಕ್ಕೂರಲ್ಲಿ ರನ್‌ವೇ 26ರಿಂದ ಸೆಸ್ನಾ 172 ಎತ್ತಿ, ಬಲಕ್ಕೆ ತಿರುಗಿ 300 ಡಿಗ್ರಿ ಹಿಡಿದು 5,500 ಅಡಿಗೆ ಹೋದ್ರೆ ತುಮಕೂರಿಗೆ 33 ನಾಟಿಕಲ್ ಮೈಲು, ಇಪ್ಪತ್ತು ನಿಮಿಷದ ದಾರಿ. ಹೆಸರಘಟ್ಟ ಕೆರೆ ಕೆಳಗೆ ಬಂತು. ಆಮೇಲೆ ಎಡಕ್ಕೆ ಶಿವಗಂಗೆ, ಬಲಕ್ಕೆ ದೇವರಾಯನದುರ್ಗ. ಅಪ್ಪ ಮಾತಾಡ್ದೆ ಮುಂದೆ ಬಗ್ಗಿ ನೋಡ್ತಿದ್ರು. ಸಿದ್ಧಗಂಗೆ ಬೆಟ್ಟ ದಾಟಿ ಕೆಳಗಿಳಿಸಿ ಬಸ್ ಸ್ಟ್ಯಾಂಡ್ ಮೇಲೆ ಎಡಕ್ಕೆ ವಾಲಿಸಿ ಒಂದು ಸುತ್ತು ಹಾಕ್ದೆ.

"ಟೀ ಅಂಗಡಿ ಎಲ್ಲೋ?" ಅಂದ್ರು.

ಅದು ಸಿಗ್ಲಿಲ್ಲ ಅಪ್ಪ, ಮತ್ತೆ ಮಾಡ್ಬೇಕು ಅಂದೆ.

"ಬರ್ಕೊ ಹಂಗಾದ್ರೆ. ಹೋದ್ಸಲ ಆ ಕಂಬದ ಪಕ್ಕ ಇಟ್ಟಿದ್ದೆ ನೀನು, ಅದು ತಪ್ಪು. ಎರಡು ಕಂಬ ಆ ಕಡೆ. ಅಲ್ಲಿ ಒಂದು ನಲ್ಲಿ ಇತ್ತು, ಅದನ್ನೂ ಇಡು" ಅಂದ್ರು. ವಿಮಾನನ ಆಟೋಪೈಲಟ್‌ಗೆ ಬಿಟ್ಟು ಪೆನ್ನು ತಗೊಂಡೆ. ಪಾವಗಡಕ್ಕೆ ಯಾವಾಗ ಹೋಗೋದು ಅಂತ ಕೇಳಿದ್ರು, ಅದು ಮೇಲಿನ +14+077 ಟೈಲು, ಇವತ್ತು ಬೆಳಿಗ್ಗೆ ಐದಕ್ಕೆ ಎದ್ದು ಹಾಕಿದೀನಿ, ಇನ್ನೂ ಓಡ್ತಾ ಇದೆ.